ಗೋಡೆಯ ಜೇಡ ದುರುಗುಟ್ಟಿ ನೋಡುವುದೇಕೆ

ಹೊಸದಾಗಿ ಹುಟ್ಟಿದ ಭೂಮಿಯ ಮೈ ಇನ್ನೂ ಆರಿರಲಿಲ್ಲ. ಬೆಟ್ಟಗಳು ಆಗಷ್ಟೇ ತಮ್ಮ ಜಾಗ ನೋಡಿ ಕುಳಿತಿದ್ದವು. ಯಾವ ಹುಳ ಯಾವ ಕುಲದ್ದು, ಅದು ಎಲ್ಲಿರಬೇಕು ಎಂದು ಆಯಾ ಕುಲದ ಹಿರಿಯರೇ ಹೇಳುತ್ತಿದ್ದ ಕಾಲ ಅದು.

ಜೇಡರ ಕುಲಕ್ಕೆ ಬಲೆಯಜ್ಜಿ ಹಿರಿಯಳು. ಹೊಳೆಯ ಮೇಲೆ ಬಾಗಿದ ಅತ್ತಿಮರದಲ್ಲಿ ಅವಳ ದೊಡ್ಡ ಬಲೆ. ಅಜ್ಜಿಗೆ ಕಣ್ಣು ಮಂಜು, ಕಾಲು ಮಾತ್ರ ಬಲು ಚುರುಕು. ಜಾಗ ಕೇಳಿ ಬಂದವರು ಬಲೆ ಕಟ್ಟಿ ತೋರಿಸಬೇಕು. ಅಜ್ಜಿ ಅದನ್ನು ಕಾಲಿನಿಂದ ಮೀಟಿ, "ನಮ್ಮವಳೇ" ಎನ್ನಬೇಕು. ಆಮೇಲೆ ಒಬ್ಬಳಿಗೆ ಪೊದೆ, ಒಬ್ಬಳಿಗೆ ಬಂಡೆಯ ಸಂದು.

ಒಂದು ದಿನ ಚಂಗಿ ಬಂದಳು. ಗಿಡ್ಡ ಕಾಲು, ಮೈತುಂಬ ರೋಮ, ಮುಖದ ತುಂಬ ಕಣ್ಣು. ಹೊಟ್ಟೆಯಲ್ಲಿ ಮೊಟ್ಟೆಗಳಿದ್ದವು. ಜಾಗವಿಲ್ಲದವಳ ಮೊಟ್ಟೆ ಇರುವೆಗಳ ಪಾಲು ಎಂದು ಅವಳಿಗೆ ಗೊತ್ತಿತ್ತು.

"ನಿನ್ನ ಬಲೆ ಎಲ್ಲೇ?" ಎಂದಳು ಅಜ್ಜಿ.

"ನಾನು ಬಲೆ ಕಟ್ಟೋಳಲ್ಲ ಅಜ್ಜಿ. ನೋಡ್ತೀನಿ, ನೆಗೀತೀನಿ, ಹಿಡೀತೀನಿ."

"ನೆಗೆಯೋರು ಮಿಡತೆ ಕುಲದೋರು. ಅಲ್ಲಿಗೆ ಹೋಗು."

ಸುತ್ತ ಕುಳಿತವರು ಕಿಸಕ್ಕನೆ ನಕ್ಕರು. ಚಂಗಿ ಸಿಟ್ಟು ನುಂಗಿಕೊಂಡು ಮಿಡತೆಗಳ ಹತ್ತಿರ ಹೋದಳು.

"ನಮಗೆ ಆರು ಕಾಲು, ನಿನಗೆ ಎಂಟು. ನೀನು ಯಾವ ಸೀಮೆಯ ಮಿಡತೆ?" ಎಂದು ಅವು ಮುಖ ತಿರುಗಿಸಿದವು.

ಬಂದ ದಾರಿಗೆ ಸುಂಕವಿಲ್ಲವೆಂದು ಚಂಗಿ ಮತ್ತೆ ಅತ್ತಿಮರ ಹತ್ತಿದಳು. "ಅಜ್ಜಿ, ನನ್ನ ಕಾಲು ಎಣಿಸಿ ನೋಡಿ. ಎಂಟಿವೆ. ನನ್ನ ಹೊಟ್ಟೆಯಲ್ಲೂ ನೂಲಿದೆ."

"ಬಲೆ ಇಲ್ಲದೋಳು ಜೇಡ ಅಲ್ಲ. ನಿನಗೂ ಜಾಗ ಇಲ್ಲ, ನಿನ್ನ ಮರಿಗಳಿಗೂ ಇಲ್ಲ."

ಮರಿಗಳ ಮಾತು ಬಂದದ್ದೇ ತಡ, ಚಂಗಿಯ ಮೈಯೆಲ್ಲ ಉರಿಯಿತು. ಈ ಮಾತನ್ನು ಅವಳು ನುಂಗಲಿಲ್ಲ. ಯಾಕೆ ನುಂಗಬೇಕು?

"ಬಲೆಯಾಚೆ ಏನಿದೆ ಅಂತ ಒಂದು ದಿನವಾದರೂ ಹೋಗಿ ನೋಡಿದ್ದೀರಾ ಅಜ್ಜಿ? ಕೂತಲ್ಲೇ ಕೂತು, ಇವರು ನಮ್ಮವರು, ಇವರಲ್ಲ ಅಂತೀರಲ್ಲ."

ಹಾಗೆಂದವಳೇ ಅಜ್ಜಿಯ ಮುಖವನ್ನು ದುರುಗುಟ್ಟಿ ನೋಡಿ, ಆಚೆ ಮರಕ್ಕೆ ಚಂಗನೆ ನೆಗೆದಳು. ಅದೇ ಹೊತ್ತಿಗೆ ಗಾಳಿ ಬೀಸಿ ಅವಳ ಗುರಿ ತಪ್ಪಿತು. ಕೆಳಗೆ ಹೊಳೆ ಬಾಯಿ ತೆರೆದಿತ್ತು.

ಆದರೆ ಚಂಗಿ ಬೀಳಲಿಲ್ಲ. ನೆಗೆಯುವ ಮೊದಲು ಕೊಂಬೆಗೆ ಒಂದೆಳೆ ನೂಲು ಅಂಟಿಸಿದ್ದಳು. ಯಾವಾಗಲೂ ಅಂಟಿಸುತ್ತಿದ್ದಳು, ಯಾರೂ ನೋಡುವ ಗೋಜಿಗೆ ಹೋಗಿರಲಿಲ್ಲ, ಅಷ್ಟೇ. ಹೊಳೆಯ ಮೇಲೆ ಅವಳು ತೂಗಾಡುತ್ತಿದ್ದಂತೆ ಆ ನೂಲು ಅಜ್ಜಿಯ ಕಾಲಿಗೆ ತಾಗಿ ಝುಂ ಎಂದಿತು.

ಅಜ್ಜಿಯ ದನಿ ಕುಗ್ಗಿತು. "ಇದು ನಮ್ಮ ಕುಲದ ನೂಲೇ. ಮೇಲೆ ಬಾರೇ ಮಗಳೇ, ಈ ಮರದಲ್ಲೇ ಜಾಗ ಕೊಡ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಂಗಿ ನೂಲು ಹಿಡಿದು ಮೇಲೆ ಬಂದಳು, ಅಜ್ಜಿಯ ಬಳಿ ಹೋಗಲಿಲ್ಲ.

"ಕುಲ ನನ್ನದೇ, ಅದನ್ನು ನೀವು ಕೊಡಬೇಕಾಗಿಲ್ಲ. ಜಾಗ ನಾನು ಕೇಳೋದಿಲ್ಲ. ನನ್ನ ಮಕ್ಕಳೂ ಕೇಳೋದಿಲ್ಲ."

ಒಂದು ಎಲೆಯನ್ನು ಮಡಿಸಿ, ಒಳಗೆ ಬೆಳ್ಳನೆಯ ನೂಲಿನ ಚೀಲ ಕಟ್ಟಿ ಮೊಟ್ಟೆಯಿಟ್ಟಳು. ಬಾಗಿಲಲ್ಲಿ ತಾನೇ ಕುಳಿತಳು. ಇರುವೆಗಳು ಬಂದವು, ಆ ಕಣ್ಣುಗಳನ್ನು ನೋಡಿ ಹಿಂದಕ್ಕೆ ಹೋದವು. ಅಜ್ಜಿ ಎಷ್ಟೋ ಸಲ ಕರೆದಳು. ಚಂಗಿ ತಿರುಗಲಿಲ್ಲ.

ಮರಿಗಳು ಹೊರಬಂದಾಗ ಚಂಗಿ ಗಾಳಿಯನ್ನು ಕರೆದಳು. "ಗಾಳಿಯಣ್ಣ, ಇವರನ್ನು ಹೊತ್ತುಕೊಂಡು ಹೋಗು."

"ಎಲ್ಲಿ ಇಳಿಸಲಿ ತಂಗಿ?"

"ಜಾಗ ಇಲ್ಲ ಅಂದರಲ್ಲ, ಎಲ್ಲೆಲ್ಲಿ ಜಾಗ ಇದೆಯೋ ಅಲ್ಲೆಲ್ಲ ಇಳಿಸು."

ಗಾಳಿ ಮರಳುಗಾಡಿನಲ್ಲಿ ಇಳಿಸಿತು, ಕಡಲಾಚೆಯ ದ್ವೀಪಗಳಲ್ಲಿ ಇಳಿಸಿತು, ತನಗೇ ಏದುಸಿರು ಬರುವ ಹಿಮದ ಬೆಟ್ಟದ ಕಲ್ಲುಗಳ ಮೇಲೂ ಇಳಿಸಿತು. ಭೂಮಿಯ ತಳದ ಮಂಜಿನ ನಾಡಿನಲ್ಲಿ ಮಾತ್ರ ಕಾಲೂರಲು ಆಗಲಿಲ್ಲ. ಒಬ್ಬಳು ಹಸಿರಾದಳು, ಒಬ್ಬಳು ಕೆಂಪಾದಳು, ಒಬ್ಬಳು ಇರುವೆಯ ನಡಿಗೆ ಕಲಿತು ಇರುವೆಗಳ ನಡುವೆಯೇ ಓಡಾಡಿದಳು. ಬಲೆಯಜ್ಜಿ ಹೊರಗಟ್ಟಿದವಳ ಮನೆತನವೇ ಇವತ್ತು ಜೇಡರಲ್ಲೆಲ್ಲ ದೊಡ್ಡದು.

ಆದರೂ ಆ ಸಿಟ್ಟು ಆರಿಲ್ಲ. ಅದಕ್ಕೇ ನಿಮ್ಮ ಮನೆಯ ಗೋಡೆಯ ಮೇಲಿನ ಪುಟ್ಟ ಜೇಡದ ಹತ್ತಿರ ಬೆರಳು ಒಯ್ದರೆ, ಅದು ಗೋಡೆಗೆ ನೂಲು ಅಂಟಿಸಿಕೊಂಡು, ಗಿರ್ರನೆ ತಿರುಗಿ, 'ಇಲ್ಲಿಂದ ಏಳು ಎನ್ನಲು ನೀನ್ಯಾರು?' ಎಂಬಂತೆ ನಿಮ್ಮ ಮುಖವನ್ನೇ ದುರುಗುಟ್ಟಿ ನೋಡುತ್ತದೆ.