ಕೆಂಚವ್ವ ಕೋಳಿಯೇ ಎಂಬುದಕ್ಕೆ ಪುರಾವೆ

"ಮತ್ತೆ ಯಾರಪ್ಪಾ? ನೆಮ್ಮದಿಯಾಗಿ ಕಾವಿಗೆ ಕೂರೋಕೂ ಬಿಡಲ್ವಲ್ಲ!" ಎಂದು ರೇಗಿದಳು ಹೇಂಟೆ ಕೆಂಚವ್ವ. ಗೂಡಿನ ಬಾಗಿಲಲ್ಲಿ ಮುಂಗುಸಿರಾಯ ಚೀಲ ಹಿಡಿದು ನಿಂತಿದ್ದ.

"ಅಕ್ಕಾವ್ರೇ, ಬಾತುಕೋಳಿ ಮನೆಯ ಕನ್ಸೋಲಿನಲ್ಲಿ ಮಾತ್ರ ಓಡುತ್ತದಲ್ಲ ಆ ಗೇಮು, ನನ್ನ ಕೋಡ್ ಹಾಕಿದರೆ ನಿಮ್ಮ ಮೊಬೈಲಿನಲ್ಲೂ ಓಡುತ್ತದೆ. ಪುಕ್ಕಟೆ!"

ಆ ಗೇಮಿಗಾಗಿ ಮರಿ ಪಿಂಟಿ ಬೆಳಗಿನಿಂದ ಅತ್ತು ಅಮ್ಮನ ತಲೆ ತಿಂದಿತ್ತು. "ಕೊಟ್ಟು ಹೋಗು, ಇದರ ಬಾಯಾದರೂ ಮುಚ್ಚಲಿ" ಎಂದಳು ಕೆಂಚವ್ವ.

"ಕೊಡುತ್ತೇನೆ. ಆದರೆ ನೀವು ನಿಜವಾದ ಕೋಳಿ ಎಂದು ಮೊದಲು ಖಾತ್ರಿಯಾಗಬೇಕು. ಒಂದು ಮೊಟ್ಟೆ ಕೊಡಿ."

"ನನ್ನನ್ನೇ ಅನುಮಾನಿಸ್ತೀಯಾ?" ಎಂದು ಕೆಂಚವ್ವ ರೋಷದಿಂದಲೇ ಒಂದು ಮೊಟ್ಟೆ ಉರುಳಿಸಿದಳು. ಮುಂಗುಸಿರಾಯ ಅದನ್ನು ಚೀಲಕ್ಕೆ ಇಳಿಸಿ, "ಅಯ್ಯೋ, ಸರ್ವರ್ ಬ್ಯುಸಿ, ಖಾತ್ರಿಯಾಗಲಿಲ್ಲ. ಇನ್ನೊಂದು ಕೊಡಿ" ಎಂದ. ಹೀಗೆ ಖಾತ್ರಿ ಕೈಕೊಡುತ್ತಲೇ ಹೋಗಿ, ಗೂಡಿನಲ್ಲಿ ಒಂದೇ ಮೊಟ್ಟೆ ಉಳಿಯಿತು. ತಾನು ಕೋಳಿಯೇ ಎಂದು ತೋರಿಸಿಯೇ ತೀರುವ ಹಟದಲ್ಲಿ ಕೆಂಚವ್ವ ಅದನ್ನೂ ಕಾಲಿನಿಂದ ತಳ್ಳತೊಡಗಿದಳು.

ಪಿಂಟಿ ಅಳು ನಿಲ್ಲಿಸಿ ಅಮ್ಮನ ರೆಕ್ಕೆ ಜಗ್ಗಿತು. ಅದು ಕೇಳಿದ ಮಾತಿಗೆ, ಮೊಟ್ಟೆ ತಳ್ಳುತ್ತಿದ್ದ ಕೆಂಚವ್ವನ ಕಾಲು ಅಲ್ಲೇ ನಿಂತಿತು.

"ಅಮ್ಮಾ, ನೀನು ಕೋಳಿ ಅಂತ ಇವನಿಗೆ ಗೊತ್ತಿಲ್ಲದಿದ್ದರೆ, ಮೊಟ್ಟೆ ಕೇಳೋಕೆ ನಮ್ಮ ಗೂಡಿಗೇ ಯಾಕೆ ಬಂದ?"