ಮಜ್ಜಿಗೆ ಕುಡಿದ ನೀರುಗಂಟಿ

ಶಿಷ್ಯ ಬಂದವನೇ ಗುರುಗಳ ಪಾದಕ್ಕೆ ಬಿದ್ದು, ಏಳದೆಯೇ ಕೇಳಿದ: ‘ಬುದ್ಧೀ, ನಂಬಿದವರೇ ಹೀಗೆ ಮಾಡಿದರೆ ನಾವು ಯಾವ ಕಡೆ ನಿಲ್ಲಬೇಕು?’

ಅವನು ಯಾರಿಗಾಗಿ ಹಗಲಿರುಳು ದುಡಿದಿದ್ದನೋ ಆ ನಾಯಕರು ಹಿಂದಿನ ದಿನ ಎದುರು ಪಕ್ಷ ಸೇರಿದ್ದರು. ಹದಿನೈದು ವರ್ಷ ಯಾರನ್ನು ನಾಡಿಗೆ ಕೇಡು ಎಂದು ಬೈದಿದ್ದರೋ ಅವರ ಕೈಯಿಂದಲೇ ಶಾಲು ಹೊದಿಸಿಕೊಂಡಿದ್ದರು. ಬೆಳಗಾಗುತ್ತಲೇ ಶಿಷ್ಯನಿಗೂ ಹೇಳಿಕಳುಹಿಸಿದ್ದರು: ‘ಸಂಜೆಯೊಳಗೆ ನಿನ್ನವರನ್ನೆಲ್ಲ ಕರೆದುಕೊಂಡು ಬಾ.’

‘ಅವರ ಮಾತು ಕೇಳಿ, ಆ ಪಕ್ಷದಲ್ಲಿದ್ದಾನೆಂದು ಸ್ವಂತ ತಮ್ಮನ ಮನೆ ಬಾಗಿಲು ತುಳಿಯುವುದನ್ನೂ ಬಿಟ್ಟೆ, ಬುದ್ಧೀ. ಈಗ ಹೋದರೆ ಮಾನ ಹೋಗುತ್ತದೆ. ನಿಂತರೆ ಒಂಟಿಯಾಗುತ್ತೇನೆ.’

ಗುರುಗಳು ಅವನನ್ನು ಎಬ್ಬಿಸಿ ಹಣೆಗೆ ವಿಭೂತಿ ಹಚ್ಚಿದರು. ‘ಶಿವ ದೊಡ್ಡವನಪ್ಪಾ, ಕೇಳು’ ಎಂದು ಹೇಳತೊಡಗಿದರು.

ಒಂದು ಕೆರೆ. ಅದಕ್ಕೆ ಎರಡು ತೂಬು. ಮೂಡಲ ತೂಬಿನ ನೀರು ಒಂದೂರಿಗೆ, ಪಡುವಲ ತೂಬಿನದು ಇನ್ನೊಂದೂರಿಗೆ. ಸರದಿಯಂತೆ ಗದ್ದೆಗಳಿಗೆ ನೀರು ಬಿಡಲು ಊರಿಗೊಬ್ಬ ನೀರುಗಂಟಿ.

ಮೂಡಲೂರಿನ ನೀರುಗಂಟಿ ಮಾತಿನಲ್ಲಿ ಗಟ್ಟಿಗ. ‘ಪಡುವಲೂರಿನವರು ನೀರುಗಳ್ಳರು. ಅವರ ಮನೆಯ ಮಜ್ಜಿಗೆ ಕೂಡ ನಮಗೆ ವಿಷ’ ಎಂದ. ಊರು ನಂಬಿತು. ಒಂದು ದಿನ ಕೆರೆ ಏರಿಯ ಮೇಲೆ ದೊಣ್ಣೆ ಹಿಡಿದು ಬಡಿದಾಡಿತು.

ಅಂದು ದೊಣ್ಣೆ ಹಿಡಿದವರಲ್ಲಿ ಒಬ್ಬ ರೈತನೂ ಇದ್ದ. ಅವನ ಒಬ್ಬಳೇ ಮಗಳನ್ನು ಪಡುವಲೂರಿಗೆ ಕೊಟ್ಟಿತ್ತು. ಅವಳಿಗೆ ಚೊಚ್ಚಲು. ಬಾಣಂತನ ತವರಿನಲ್ಲಿ ಆಗಬೇಕು. ರೈತ ಗಾಡಿ ಕಟ್ಟಲಿಲ್ಲ. ಮಗಳು ತಿಂಗಳೆರಡು ದಾರಿ ನೋಡಿ, ಗಂಡನ ಮನೆಯಲ್ಲೇ ಹೆತ್ತಳು. ಮೂರು ವರ್ಷ ಕಳೆಯಿತು. ಮೊಮ್ಮಗಳ ಮುಖ ಅವನು ನೋಡಿರಲಿಲ್ಲ.

ಒಂದು ಬೆಳಿಗ್ಗೆ ಮೂಡಲ ತೂಬಿನಲ್ಲಿ ನೀರುಗಂಟಿ ಇರಲಿಲ್ಲ. ಪಡುವಲೂರಿನವರು ಅವನಿಗೆ ಹಿರೇ ನೀರುಗಂಟಿಯ ಪಟ್ಟ ಕೊಟ್ಟು ಕರೆದುಕೊಂಡಿದ್ದರು. ಸುದ್ದಿ ಕೇಳಿದ ರೈತ ಕೈಯ ಕುಡುಗೋಲು ಅಲ್ಲೇ ಬಿಟ್ಟು, ಏರಿ ದಾಟಿ, ಕೇಳುತ್ತ ಕೇಳುತ್ತ ಹೋದ. ಜನ ಕೈತೋರಿಸಿದ ಮನೆಯ ಮುಂದೆ ನಿಂತ. ಅದು ಮಗಳ ಮನೆ.

ನೀರುಗಂಟಿ ಕೊರಳಲ್ಲಿ ಹಾರ ಹಾಕಿಕೊಂಡು ಜಗಲಿಯ ಮೇಲೆ ಮಜ್ಜಿಗೆ ಕುಡಿಯುತ್ತಿದ್ದ.

‘ಇದು ವಿಷ ಅಂದವನು ನೀನೇ ಅಲ್ಲವೇನೋ?’

‘ಆಗ ಹಾಗೆ ಕಂಡಿತ್ತು ಮಾರಾಯ’ ಎಂದು ಅವನು ಮೀಸೆ ಒರೆಸಿಕೊಂಡ. ‘ಬಾ, ಕೂತುಕೋ. ಒಳ್ಳೇ ಜನ ಇವರು. ಶುಂಠಿ ಹಾಕಿದ್ದಾರೆ.’

ಜಗಲಿಯ ಆ ತುದಿಯಲ್ಲಿ ರೈತನ ಬೀಗ ತಲೆ ತಗ್ಗಿಸಿ ಕೂತಿದ್ದ. ಮೂರು ವರ್ಷದಲ್ಲಿ ಮೊದಲ ಸಲ ಅವನು ರೈತನೊಡನೆ ಮಾತನಾಡಿದ: ‘ಬೀಗರೇ, ಅಂದಿನ ಏಟಿಗೆ ನನ್ನ ಮಗನ, ನಿಮ್ಮ ಅಳಿಯನ, ಬಲಗೈ ಇನ್ನೂ ಮೇಲೇಳುವುದಿಲ್ಲ. ಊರಿನವರ ಮಾತು ಮೀರಲಾರದೆ ಇವನಿಗೆ ಎಡಗೈಯಲ್ಲಿ ಹಾರ ಹಾಕಿದ.’

ರೈತನಿಗೆ ತನ್ನ ದೊಣ್ಣೆಯ ನೆನಪಾಯಿತು. ಅಂದು ಅದು ಯಾರಿಗೆ ಬಿತ್ತೆಂದು ಅವನು ನೋಡಿರಲಿಲ್ಲ.

ಅಷ್ಟರಲ್ಲಿ ಮಗಳು ಒಳಗಿನಿಂದ ಬಂದಳು. ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದಿದ್ದಳು. ಹೊಸ್ತಿಲ ಒಳಗೆ ಅವಳು, ಹೊರಗೆ ಅಪ್ಪ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ತನ್ನ ನಾಯಕರನ್ನೂ ಸಂಜೆಯ ಕರೆಯನ್ನೂ ಮರೆತಿದ್ದ. ‘ಆಮೇಲೆ? ಅವನು ಒಳಗೆ ಹೋದನೇ, ಬುದ್ಧೀ?’

ಗುರುಗಳು ಕೇಳಿದರು: ‘ನಿನ್ನ ತಮ್ಮನ ಮನೆ ಇಲ್ಲಿಂದ ಎಷ್ಟು ದೂರವಪ್ಪಾ?’