ಉಪ್ಪುನೀರಿನಲ್ಲಿ ತೇಲಿಸಿದ ಚೆಂಡು

"ಸಾರ್, ಅಭ್ಯಾಸದಲ್ಲಿ ನನ್ನ ಚೆಂಡು ಒಂದೂ ತಪ್ಪಲ್ಲ. ಪಂದ್ಯದಲ್ಲಿ ಮಾತ್ರ ಯಾಕೆ ತಪ್ಪುತ್ತೆ?"

ಗಾಲ್ಫ್ ಕಲಿಯುತ್ತಿದ್ದ ಇಂಚರಾ ತನ್ನ ಗುರು ಉತ್ತಯ್ಯನವರನ್ನು ಹೀಗೆ ಕೇಳಿದಳು. ಮರುದಿನ ರಾಜ್ಯ ತಂಡದ ಆಯ್ಕೆ ಇತ್ತು. ಹಿಂದಿನ ಸಲ ಅವಳು ಹೊರಗುಳಿದದ್ದು ಒಂದೇ ಒಂದು ಪಟ್ ತಪ್ಪಿ. ಪಟ್ ಎಂದರೆ ಚೆಂಡನ್ನು ನೆಲದ ಮೇಲೆ ಮೆಲ್ಲನೆ ಉರುಳಿಸಿ ಕುಳಿಗೆ ಬೀಳಿಸುವ ಕೊನೆಯ ಹೊಡೆತ. ಈ ಸಲವೂ ತಪ್ಪಿದರೆ ಮತ್ತೆ ಅವಕಾಶವಿರಲಿಲ್ಲ, ವಯಸ್ಸಿನ ಮಿತಿ ಮುಗಿಯುತ್ತಿತ್ತು.

ಉತ್ತಯ್ಯ ಟೋಪಿ ತೆಗೆದು ಹುಲ್ಲಿನ ಮೇಲೆ ಕುಳಿತರು.

"ಇದಕ್ಕೊಂದು ಕತೆ ಇದೆ. ಆದರೆ ಮೊದಲೇ ಕ್ಷಮೆ ಕೇಳಿಬಿಡ್ತೀನಿ, ನನಗೆ ಕತೆ ಹೇಳಿ ಅಭ್ಯಾಸ ಇಲ್ಲ. ಬೇಕಾದ್ದು ಬಿಟ್ಟು ಬೇಡದ್ದನ್ನೆಲ್ಲ ವಿವರಿಸ್ತೀನಿ. ಬೇಜಾರು ಮಾಡ್ಕೋಬೇಡ" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಬಟ್ಟೆ ವರ್ತಕ. ಕತೆಗೆ ಅದು ಬೇಕಿಲ್ಲ, ಆದರೂ ಇರಲಿ. ಅವನಿಗೆ ಗಾಲ್ಫ್ ಎಂದರೆ ಪ್ರಾಣ. ಒಬ್ಬ ವೈದ್ಯ ಅವನ ಆಟದ ಜೊತೆಗಾರ. ಆ ಊರಿನ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಜೋಡಿ ಪಂದ್ಯ ನಡೆಯುತ್ತಿತ್ತು. ಅದರಲ್ಲಿ ಇಬ್ಬರಿಗೂ ಸೇರಿ ಒಂದೇ ಚೆಂಡು. ಒಂದು ಹೊಡೆತ ಇವನದು, ಮುಂದಿನದು ಅವನದು. ಒಬ್ಬನ ತಪ್ಪನ್ನು ಇನ್ನೊಬ್ಬ ಹೊರಬೇಕು. ಇದನ್ನು ಯಾಕೆ ಹೇಳಿದೆ ಎಂದರೆ, ಇಂಥ ಆಟಕ್ಕೆ ಜೊತೆಗಾರ ಸಿಗುವುದು ಸುಲಭ, ಉಳಿಯುವುದು ಕಷ್ಟ.

ಒಂದು ವರ್ಷ ಕೊನೆಯ ಕುಳಿಯ ಹತ್ತಿರ, ಮಕ್ಕಳೂ ಹಾಕಬಹುದಾದಷ್ಟು ದೂರದಿಂದ, ವರ್ತಕ ತಪ್ಪಿದ. ಪಂದ್ಯ ಹೋಯಿತು. ಅವನು ಚೆಂಡನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ, ದೋಷ ಅದರೊಳಗೇ ಇದೆ ಎಂಬಂತೆ. ವೈದ್ಯ ಏನೂ ಹೇಳಲಿಲ್ಲ. ಮನೆ ಮುಟ್ಟುವವರೆಗೂ ಏನೂ ಹೇಳಲಿಲ್ಲ. ಬೈದಿದ್ದರೆ ವರ್ತಕನಿಗೆ ನಿದ್ದೆಯಾದರೂ ಬರುತ್ತಿತ್ತು. ಇನ್ನೊಮ್ಮೆ ಹೀಗಾದರೆ ಇವನು ಬೇರೆ ಜೊತೆ ನೋಡಿಕೊಳ್ಳುತ್ತಾನೆ ಎಂಬ ಭಯ ಅವನೊಳಗೆ ಕೂತುಬಿಟ್ಟಿತು.

ಅವನು ಮೊದಲು ಚೆಂಡುಗಳನ್ನು ಪರೀಕ್ಷಿಸಿದ. ಬೋಗುಣಿಯ ನೀರಿಗೆ ಚೆಂಡು ತೇಲುವಷ್ಟು ಉಪ್ಪು ಕದಡಿದ. ತೇಲುವ ಚೆಂಡನ್ನು ಬೆರಳಿನಿಂದ ತಿರುಗಿಸಿ ಬಿಟ್ಟಾಗ ಪ್ರತಿ ಸಲವೂ ಒಂದೇ ಮಗ್ಗುಲು ಮೇಲೆ ಬಂದು ನಿಂತರೆ, ಅದರ ಇನ್ನೊಂದು ಮಗ್ಗುಲು ಭಾರ ಎಂದರ್ಥ. ಅಂಥ ಚೆಂಡು ನೇರ ಉರುಳದು. ಅಂಥವನ್ನೆಲ್ಲ ಅವನು ಪಕ್ಕದ ಮನೆಯ ನಾಯಿಗೆ ಆಡಲು ಕೊಟ್ಟ. ಉಳಿದವುಗಳ ಮೇಲೆ ಒಂದೊಂದು ಗೆರೆ ಎಳೆದ. ಆ ಗೆರೆಯನ್ನು ಕುಳಿಯತ್ತ ತಿರುಗಿಸಿ ಇಟ್ಟರೆ ಗುರಿ ತಪ್ಪದು ಎಂದು.

ಆಮೇಲೆ ಹಿತ್ತಲಿನಲ್ಲಿ ಹುಲ್ಲು ಬೆಳೆಸಿ ಕುಳಿ ತೋಡಿಸಿದ. ಸಾಧನಗಳನ್ನು ತರಿಸಿದ. ಕಣ್ಣು ಚೆಂಡಿನ ನೇರಕ್ಕೆ ಇದೆಯೇ ಎಂದು ನೋಡಲು ನೆಲದ ಮೇಲೆ ಇಡುವ ಕನ್ನಡಿ. ಹೊಡೆಯುವ ಕೋಲು ಅತ್ತಿತ್ತ ಹೋಗದಂತೆ ಎರಡು ಗೂಟಗಳು. ಚೆಂಡಿನ ಜಾಗದಿಂದ ಕುಳಿಯವರೆಗೆ ಬಿಗಿದು ಕಟ್ಟಿದ ದಾರ. ಇವು ಸರಿಯಾಗಿ ಕೂರಬೇಕಾದರೆ ನೆಲ ಸಮ ಇರಬೇಕು. ಹಿತ್ತಲಿನಲ್ಲಿ ಸಮನೆಲ ಇದ್ದದ್ದು ಒಂದೇ ಕಡೆ. ಅವನು ಅಲ್ಲೇ ನಿಂತ. ದಿನವೂ ಅಂಗಡಿ ತೆರೆಯುವ ಮುಂಚೆ ಅಲ್ಲೇ, ಮುಚ್ಚಿದ ಮೇಲೂ ಅಲ್ಲೇ. ಮೊದಮೊದಲು ಕೆಲವು ತಪ್ಪಿದವು. ಬರಬರುತ್ತ ತಪ್ಪುವುದು ನಿಂತೇ ಹೋಯಿತು. ವರ್ತಕ ತನ್ನ ಕೈಗಳನ್ನು ನೋಡಿಕೊಂಡು ಹಿಗ್ಗಿದ.

ಮುಂದಿನ ಪಂದ್ಯದ ಹಿಂದಿನ ದಿನ ವೈದ್ಯನನ್ನು ಮನೆಗೆ ಕರೆದ. ಸಾಧನಗಳನ್ನೆಲ್ಲ ತೆಗೆದಿಟ್ಟು ಬರಿಗೈಯಲ್ಲಿ ತೋರಿಸಿದ. ಬರಿಗೈ ಎಂದರೆ, ಕೋಲು ಇತ್ತು. ಹೊಡೆದದ್ದೆಲ್ಲ ಕುಳಿಗೆ ಬಿತ್ತು. ವೈದ್ಯ ತಲೆದೂಗಿದ. ಅಷ್ಟರಲ್ಲಿ ಕಾಫಿ ಬಂತು. ವೈದ್ಯ ಎಡಗೈಯಲ್ಲಿ ಲೋಟ ಹಿಡಿದು, ವರ್ತಕನ ಹೆಂಡತಿಯ ಮಂಡಿನೋವು ವಿಚಾರಿಸುತ್ತ, ಬಲಗೈಯಲ್ಲಿ ಸುಮ್ಮನೆ ಕೋಲು ಆಡಿಸಿದ. ಚೆಂಡು ಕುಳಿಗೆ ಬಿತ್ತು. ನೋಡದೆ ಇನ್ನೊಂದನ್ನು ತಳ್ಳಿದ. ಅದು ಸ್ವಲ್ಪ ಹೊರಗೆ ಹೊರಟು, ನಡುವೆ ಬುದ್ಧಿ ಬಂದಂತೆ ಒಳಕ್ಕೆ ತಿರುಗಿ ಬಿತ್ತು.

"ಸಾಹುಕಾರ್ರೇ, ನಿಮ್ಮ ಹುಲ್ಲಿಗೆ ಒಳ್ಳೇ ತಾಲೀಮಾಗಿದೆ ಬಿಡಿ!" ಎಂದು ವೈದ್ಯ ನಕ್ಕ.

ವರ್ತಕ ನಗಲಿಲ್ಲ. ಮಂಡಿಯೂರಿ ಹುಲ್ಲಿನ ಮೇಲೆ ಅಂಗೈ ಆಡಿಸಿದ. ನಿಂತವರ ಕಣ್ಣಿಗೆ ಕಾಣದ, ಬೆರಳಿಗೆ ಮಾತ್ರ ತಿಳಿಯುವ ಓಣಿಯಂಥ ಸಣ್ಣ ತಗ್ಗೊಂದು ಕುಳಿಯವರೆಗೆ ಬಿದ್ದಿತ್ತು. ಚೆಂಡುಗಳು ಉರುಳಿ ಉರುಳಿ ಮಾಡಿದ ಓಣಿ. ಬಿಡಿಸಿ ಹೇಳುವುದಾದರೆ, ಹೇಗೆ ಹೊಡೆದರೂ ಚೆಂಡು ಅದರೊಳಗೆ ಜಾರಿ ಕುಳಿಗೆ ಹೋಗುತ್ತಿತ್ತು. ಚೆಂಡು ಸರಿ, ಕನ್ನಡಿ ಸರಿ, ದಾರ ಸರಿ. ಕಲಿತದ್ದು ಮಾತ್ರ ನೆಲ.

ವರ್ತಕ ಚೆಂಡನ್ನು ಇಳಿಜಾರಿನ ಕಡೆಗೆ ಒಯ್ದು ಹೊಡೆದ. ತಪ್ಪಿತು. ಮತ್ತೆ ಹೊಡೆದ. ಮತ್ತೆ ತಪ್ಪಿತು. ಯಾರ ಎದುರಿಗೆ ತಪ್ಪಬಾರದೆಂದು ವರ್ಷವಿಡೀ ದುಡಿದಿದ್ದನೋ ಅವನ ಎದುರಿಗೇ ತಪ್ಪುತ್ತಿದ್ದ. ನಾಚಿಕೆಯಾಯಿತು. ಆದರೂ ನಿಲ್ಲಿಸಲಿಲ್ಲ. ವೈದ್ಯನೂ ಮನೆಗೆ ಹೋಗಲಿಲ್ಲ. ಬೆಳಕಿರುವವರೆಗೆ ಚೆಂಡು ಹೆಕ್ಕಿ ಕೊಟ್ಟ.

ಮರುದಿನ ಮತ್ತೆ ಕೊನೆಯ ಕುಳಿ, ಮತ್ತೆ ವರ್ತಕನದೇ ಸರದಿ. ನೆಲ ಎಡಕ್ಕೆ ಇಳಿದಿತ್ತು. ಅವನು ಚೆಂಡಿನ ಗೆರೆ ಕಣ್ಣಿಗೆ ಕಾಣದಂತೆ ಕೆಳಮುಖ ಮಾಡಿ ಇಟ್ಟ. ಇಳಿಜಾರನ್ನು ಬಹಳ ಹೊತ್ತು ನೋಡಿದ. ಹೊಡೆದ. ಚೆಂಡು ಬಲಕ್ಕೆ ಹೊರಟು, ಎಡಕ್ಕೆ ಬಾಗಿ, ಕುಳಿಯ ಅಂಚಿಗೆ ಬಂದು ನಿಂತಿತು. ಬೀಳಲಿಲ್ಲ.

ದಾರಿಯಲ್ಲಿ ವೈದ್ಯನೇ ಮಾತು ತೆಗೆದ. "ಹೋದ ವರ್ಷ ತಪ್ಪಿದಾಗ ನೀವು ಚೆಂಡು ನೋಡಿದಿರಿ. ಈ ವರ್ಷ ನೆಲ ನೋಡಿದಿರಿ. ಮುಂದಿನ ವರ್ಷಕ್ಕೂ ನಾವೇ ಜೋಡಿ. ಈಗಲೇ ಹೆಸರು ಕೊಟ್ಟುಬಿಡೋಣ."

ಉತ್ತಯ್ಯ ಅಲ್ಲಿಗೆ ನಿಲ್ಲಿಸಿದರು.

"ಅಷ್ಟೇನಾ ಸಾರ್? ಸೋತೇ ಹೋದರಲ್ಲ!" ಎಂದಳು ಇಂಚರಾ.

"ಸೋತರು. ಅದಕ್ಕೇ ಹೇಳಿದ್ದು, ನನಗೆ ಕತೆ ಬರಲ್ಲ ಅಂತ. ಅರ್ಥ ಹೇಳ್ತೀನಿ ಕೇಳು. ಉಪ್ಪುನೀರು ತಪ್ಪಲ್ಲ. ಕನ್ನಡಿ, ದಾರ ಯಾವುದೂ ತಪ್ಪಲ್ಲ. ಅವುಗಳ ಕೆಲಸ ಏನಪ್ಪಾ ಅಂದ್ರೆ, ಮೊದಲನೆಯದು ಚೆಂಡಿನ ಭಾರ, ಅದು ಗೊತ್ತಾಯ್ತಲ್ಲ, ಎರಡನೆಯದು..."

"ಉತ್ತಯ್ಯ ಸಾರ್! ನಾಳೆಯ ಸರದಿ ಚೀಟಿ ಎತ್ತಬೇಕಂತೆ, ಎಲ್ಲ ನಿಮಗೇ ಕಾಯ್ತಾ ಇದಾರೆ!" ಎಂದು ಕ್ಲಬ್ಬಿನ ಜಗಲಿಯಿಂದ ಯಾರೋ ಕೂಗಿದರು.

ಉತ್ತಯ್ಯ ಎದ್ದು, ಪ್ಯಾಂಟಿಗೆ ಅಂಟಿದ ಹುಲ್ಲು ಕೊಡವಿ, ಅವಸರದಿಂದ ಹೊರಟರು. ಎರಡನೆಯದು ಏನು ಎಂದು ಕೇಳಲು ಇಂಚರಾ ಬಾಯಿ ತೆರೆದಳು. ಅವರು ನಡೆಯುತ್ತಲೇ ತಿರುಗಿದರು.

"ಒಂದೂ ತಪ್ಪಲ್ಲ ಅಂದೆಯಲ್ಲಮ್ಮ, ಹಾಗಾದ್ರೆ ನೀನು ಅಭ್ಯಾಸ ಇನ್ನೂ ಶುರುವೇ ಮಾಡಿಲ್ಲ."

ಇಂಚರಾ ಚೆಂಡನ್ನು ಎತ್ತಿಕೊಂಡು ಇಳಿಜಾರಿನ ಕಡೆಗೆ ನಡೆದಳು.